ಸುಬ್ಬಮ್ಮನ ಮೂರು ಬೆರಳು

ಸತ್ತವರು ಬಂದು ಹೋದರು, ಬಾಗಿಲು ತಟ್ಟಿದರು ಎಂಬ ಮಾತು ಶುರುವಾದರೆ ಅಲ್ಲಿಂದ ಎದ್ದು ಹೋಗುವವಳು ನಾನು. ಮನೆಯಲ್ಲಿ ಅತ್ತೆಯವರು ಇಂಥ ಕಥೆ ತೆಗೆದರೆ, "ಆ ದೆವ್ವ ಕಾಲು ತೊಳ್ಕೊಂಡು ಒಳಗೆ ಬಂತಾ ಅತ್ತೆ?" ಎಂದು ರೇಗಿಸುತ್ತಿದ್ದೆ. ಕಣ್ಣಿಗೆ ಕಾಣದೆ ಓಡಾಡುವವುಗಳಲ್ಲಿ ನಾನು ನಂಬಿದ್ದು ರೋಗಾಣುಗಳನ್ನು ಮಾತ್ರ. ಅವು ಎಲ್ಲಿಂದ ಹೊರಟವು, ಯಾರ ಕೈಯಿಂದ ಯಾರ ಕೈಗೆ ದಾಟಿದವು ಎಂದು ಪಟ್ಟು ಹಿಡಿದು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಹುಡುಕುವುದೇ ನನ್ನ ಕೆಲಸ. ಹುಡುಕಿಯೂ ಸಿಗದ ಒಂದು ಕೈಯ ವಿಷಯವನ್ನು ಇಲ್ಲಿ ಹೇಳುತ್ತಿದ್ದೇನೆ. ನಂಬಿ ಎಂದು ಒತ್ತಾಯವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರವಿದೆ. ಅಲ್ಲಿ ನಾನು ನರ್ಸ್. ಇಂಜೆಕ್ಷನ್ ಕೊಡುವ, ಗಾಯ ಕಟ್ಟುವ ನರ್ಸ್ ಅಲ್ಲ. ಒಬ್ಬರ ಸೋಂಕು ಇನ್ನೊಬ್ಬರಿಗೆ ಹರಡದಂತೆ ಕಾಯುವ ನರ್ಸ್. ಯಾರು ಕೈ ತೊಳೆದರು, ಯಾರು ತೊಳೆದಂತೆ ನಟಿಸಿದರು, ಯಾರ ಗ್ಲೌಸು ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹಾಗೇ ಹೋಯಿತು ಎಂದು ಕಣ್ಣಿಡುವವಳು. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಸೋಪು ಸಿಸ್ಟರ್ ಎನ್ನುತ್ತಾರೆ. ಎದುರಿಗೂ ಅಂದರೆ ನನಗೇನೂ ಬೇಸರವಿಲ್ಲ.

ಅಲ್ಲಿ ಇಬ್ಬರಿದ್ದ ಒಂದು ಕೋಣೆ. ಒಂದು ಮಂಚದಲ್ಲಿ ದಿಬ್ಬೂರಹಳ್ಳಿ ಕಡೆಯ ನಾರಾಯಣಮ್ಮ, ಜೀವಮಾನವಿಡೀ ರೇಷ್ಮೆ ಹುಳು ಸಾಕಿದವರು. ಇನ್ನೊಂದರಲ್ಲಿ ಶಿಡ್ಲಘಟ್ಟದ ಸುಬ್ಬಮ್ಮ, ಅಷ್ಟೇ ಕಾಲ ಗೂಡು ಬೇಯಿಸಿ ನೂಲು ತೆಗೆದವರು. "ನಾನು ಮಕ್ಕಳಂಗೆ ಸಾಕಿದ್ದನ್ನ ಇವಳು ಕುದಿಯೋ ನೀರಿಗೆ ಹಾಕಿದ್ಲು ಕಣಮ್ಮ" ಎಂದು ನಾರಾಯಣಮ್ಮ ದಿನಕ್ಕೊಮ್ಮೆಯಾದರೂ ದೂರು ಹೇಳುತ್ತಿದ್ದರು. ಸುಬ್ಬಮ್ಮ ನಗುತ್ತಿದ್ದರು. ಲಕ್ವ ಹೊಡೆದು ಅವರ ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಎಡಗೈಯಲ್ಲೂ ಕೊನೆಯ ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು, ಬಿಡಿಸಲು ಬರುತ್ತಿರಲಿಲ್ಲ.

ನಾರಾಯಣಮ್ಮನಿಗೆ ಮರೆವಿನ ಕಾಯಿಲೆ. ತಟ್ಟೆ ಮುಂದಿಟ್ಟರೆ ಅದನ್ನು ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಆಗ ಸುಬ್ಬಮ್ಮ ಪಕ್ಕದ ಮಂಚದಿಂದ ಎಡಗೈ ಚಾಚಿ, ಆಡುವ ಮೂರು ಬೆರಳಿನಿಂದ ಅವರ ಹಣೆಯಿಂದ ಬೈತಲೆಯವರೆಗೆ ಸವರಿ, ತಮ್ಮ ತೆಲುಗಿನಲ್ಲಿ "ತಿನವೇ" ಎನ್ನುತ್ತಿದ್ದರು. ತಿನ್ನೇ ಎಂದಷ್ಟೇ. ಅಷ್ಟಾದರೆ ನಾರಾಯಣಮ್ಮ ಬಾಯಿ ತೆರೆಯುತ್ತಿದ್ದರು. ನಾವು ಯಾರು ಸವರಿದರೂ ತೆರೆಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕೇಂದ್ರದೊಳಗೆ ವಾಂತಿ ಭೇದಿ ಶುರುವಾಯಿತು. ನಾರಾಯಣಮ್ಮನಿಗೂ ಹತ್ತಿತು. ನಾನು ಅವರನ್ನು ವರಾಂಡದ ಕೊನೆಯಲ್ಲಿದ್ದ ಪ್ರತ್ಯೇಕ ಕೋಣೆಗೆ ಹಾಕಿಸಿದೆ. ಮಾಡಿದ್ದು ಸರಿಯೇ, ಇವತ್ತಾದರೂ ಹಾಗೇ ಮಾಡುತ್ತೇನೆ. ವಿಚಿತ್ರವೆಂದರೆ ಆ ಕೋಣೆಯ ಬಗ್ಗೆ ಅವರು ಗಲಾಟೆ ಮಾಡಲಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ, ಕೈ ತೊಳೆದೇ ಒಳಗೆ ಬರುವವರು, ಹೊರಗಿನವರಿಗೆ ಪ್ರವೇಶವಿಲ್ಲ. ಹುಳು ಸಾಕುವ ಮನೆಯಲ್ಲೂ ಇದೇ ಕಟ್ಟುನಿಟ್ಟಂತೆ, ಹಾಗಾಗಿ ಅವರು ತಮ್ಮ ಹುಳುಮನೆಯಲ್ಲೇ ಇದ್ದೇನೆ ಎಂದುಕೊಂಡಿದ್ದರು. "ಹುಳ ನಾಲ್ಕನೇ ಜ್ವರಕ್ಕೆ ಕೂತವೆ, ಸದ್ದು ಮಾಡ್ಬೇಡಿ" ಎಂದು, ಪೊರೆ ಬಿಡುವ ಹುಳುಗಳ ನಿದ್ದೆ ಕೆಡಬಾರದೆಂದು, ನಮಗೇ ಎಚ್ಚರಿಕೆ ಹೇಳುತ್ತಿದ್ದರು. ಆದರೆ ಊಟ ಬಿಟ್ಟರು. ಗಂಜಿ, ಮಜ್ಜಿಗೆ, ಎಳನೀರು ಏನು ಕೊಟ್ಟರೂ ತುಟಿ ಬಿಗಿಹಿಡಿದು ಗೋಡೆ ಕಡೆ ತಿರುಗಿಬಿಡುತ್ತಿದ್ದರು. ಆ ಕೋಣೆಗೆಂದೇ ನೇಮಿಸಿದ್ದ ಆಯಾ ಗುಲ್ಜಾರಕ್ಕ ಕಣ್ಣಲ್ಲಿ ನೀರು ತಂದುಕೊಂಡು ಬೇಡಿದರೂ ಆಗಲಿಲ್ಲ. ಇವತ್ತು ಸಂಜೆಯೊಳಗೆ ಹೊಟ್ಟೆಗೆ ಏನೂ ಹೋಗದಿದ್ದರೆ ಮೂಗಿಗೆ ನಳಿಕೆ ಹಾಕಬೇಕು, ಈ ದೇಹ ಅದನ್ನು ತಡೆಯುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು.

ಅದೇ ದಿನ ಬೆಳಗ್ಗೆ ಸುಬ್ಬಮ್ಮ ತೀರಿಕೊಂಡರು. ಭೇದಿಯಿಂದಲ್ಲ. ಕಾಫಿ ಕುಡಿದು ಒರಗಿದವರು ಹಾಗೇ ಹೋಗಿಬಿಟ್ಟರು. ಅವರ ತಮ್ಮನ ಮಗ ಬಂದು ದೇಹವನ್ನು ಶಿಡ್ಲಘಟ್ಟಕ್ಕೆ ತೆಗೆದುಕೊಂಡು ಹೋದರು. ನಾರಾಯಣಮ್ಮನಿಗೆ ಸದ್ಯಕ್ಕೆ ಹೇಳುವುದು ಬೇಡ ಎಂದು ನಾನೇ ಎಲ್ಲರಿಗೂ ತಾಕೀತು ಮಾಡಿದೆ. ಅಳು ಬಂತು, ಆದರೆ ಅಳುತ್ತಾ ಕೂರಲು ಹೊತ್ತಿರಲಿಲ್ಲ. ಮಂಚ ಶುಚಿ ಮಾಡಿಸಬೇಕಿತ್ತು.

ಇಲ್ಲಿ ನಮ್ಮ ಕೆಲಸದ ಒಂದು ಉಪಾಯ ಹೇಳಬೇಕು. ಖಾಲಿಯಾದ ಮಂಚವನ್ನು ಸರಿಯಾಗಿ ಒರೆಸಿದರೋ ಇಲ್ಲವೋ ತಿಳಿಯಲು, ನೀರಿನಂತಿರುವ ಒಂದು ಲೇಪವನ್ನು ಮಂಚದ ಕಂಬಿಗೆ ಮೊದಲೇ ಹಚ್ಚಿಡುತ್ತೇವೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ನೇರಳೆ ಬೆಳಕಿನ ಪುಟ್ಟ ಟಾರ್ಚು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಒರೆಸಿದ ಮೇಲೂ ಹೊಳೆದರೆ ಕೆಲಸಗಳ್ಳತನ ಸಿಕ್ಕಿಬಿತ್ತು ಎಂದೇ ಅರ್ಥ. ಹಸಿಯಿದ್ದಾಗ ಯಾರಾದರೂ ಮುಟ್ಟಿದರೆ ಅವರ ಕೈಗೂ, ಆ ಕೈ ಮುಟ್ಟಿದಲ್ಲಿಗೂ ಹತ್ತುತ್ತದೆ. ಸುಬ್ಬಮ್ಮನ ಮಂಚದ ಕಂಬಿಗೆ ನಾನು ಅದನ್ನು ಹಚ್ಚಿದೆ. ಗ್ಲೌಸು ಅಲ್ಲೇ ಬಿಚ್ಚಿ ಬುಟ್ಟಿಗೆ ಹಾಕಿ, ಕೈ ತೊಳೆದು, ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಶುಚಿ ಮಾಡುವವರು ಊಟಕ್ಕೆ ಹೋಗಿದ್ದರು. ನಾನು ವರಾಂಡದ ಮೇಜಿನ ಮುಂದೆ ಕುಳಿತೆ. ಮಟಮಟ ಮಧ್ಯಾಹ್ನ, ಹೊರಗೆ ಸುಡು ಬಿಸಿಲು.

ಸ್ವಲ್ಪ ಹೊತ್ತಿಗೆ ಗುಲ್ಜಾರಕ್ಕ ಕೊನೆಯ ಕೋಣೆಯ ಬಾಗಿಲಿನಿಂದ ಕೈ ಬೀಸಿ ಕರೆದರು.

"ಸಿಸ್ಟರ್, ಬನ್ನಿ ಇಲ್ಲಿ. ಅಜ್ಜಿ ಗಂಜಿ ಕುಡ್ದವ್ರೆ. ಪೂರ್ತಿ!"

"ಹೇಗೆ ಕುಡಿಸಿದ್ರಿ?"

"ನಾನೆಲ್ಲಿ ಕುಡಿಸ್ದೆ? ಲೋಟ ಒಳಗಿಟ್ಟು, ಗ್ಲೌಸ್ ಹಾಕ್ಕೊಳ್ಳಾಣಾಂತ ಬಾಗಿಲಿಗೆ ಬಂದೆ. ತಿರುಗಿ ನೋಡ್ತೀನಿ, ತಾವೇ ಲೋಟ ಎತ್ತಿ ಕುಡೀತಾವ್ರೆ. ಅಲ್ಲಾ ಕಣ್ಬಿಟ್ಟ."

ನಾನು ಏಪ್ರನ್ನು ಹಾಕಿಕೊಂಡು ಒಳಗೆ ಹೋದೆ. ನಾರಾಯಣಮ್ಮ ದಿಂಬಿಗೆ ಒರಗಿ ಕುಳಿತಿದ್ದರು. ಎಷ್ಟೋ ದಿನದ ಮೇಲೆ ಮುಖ ನಿರಾಳವಾಗಿತ್ತು. ಪರದೆ ಎಳೆದಿದ್ದರಿಂದ ಕೋಣೆ ಮಬ್ಬಾಗಿತ್ತು. ಬಂದವಳು ಅಲ್ಲಿನ ಮೇಜನ್ನೂ ಒಮ್ಮೆ ನೋಡಿಬಿಡೋಣವೆಂದು ಅಭ್ಯಾಸಬಲದಿಂದ ಟಾರ್ಚು ಹಚ್ಚಿದೆ. ಮೇಜು ಶುದ್ಧವಾಗಿತ್ತು. ಟಾರ್ಚು ತಿರುಗಿಸುವಾಗ ಬೆಳಕು ಅಜ್ಜಿಯ ಮುಖದ ಮೇಲೆ ಬಿತ್ತು.

ಹಣೆಯ ಮೇಲೆ ಹಸಿರು ಗೆರೆಗಳು ಹೊಳೆದವು. ಮೂರು ಗೆರೆ, ಒಂದರ ಪಕ್ಕ ಒಂದು, ಹಣೆಯಿಂದ ಹೊರಟು ಬೈತಲೆಯ ಬಿಳಿಗೂದಲಲ್ಲಿ ಮಸುಕಾಗಿ ಮುಗಿದಿದ್ದವು.

ಕೆಲಸದ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮೊದಲು ಗುಲ್ಜಾರಕ್ಕನ ಕೈಗೆ ಬೆಳಕು ಬಿಟ್ಟೆ. ಅಂಗೈ, ಉಗುರಿನ ಸಂದಿ, ಮಣಿಕಟ್ಟು, ಎಲ್ಲೂ ಏನೂ ಇರಲಿಲ್ಲ. ಆಮೇಲೆ ನನ್ನ ಕೈಗೆ ಬಿಟ್ಟುಕೊಂಡೆ. ಅಲ್ಲೂ ಇರಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಅಜ್ಜಿಯ ಹಣೆ ಒರೆಸಲು ಹೋದೆ. ಎಲ್ಲಿಂದ ಬಂತೆಂದು ಗೊತ್ತಾಗದ ಗುರುತು ಕಂಡರೆ ಒರೆಸಬೇಕು ಎಂಬುದು ನಮ್ಮ ನಿಯಮ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೈಬೇಡ ಕಣಮ್ಮ ಅವಳ್ನ. ಕೈ ತೊಳ್ಕೊಂಡೇ ಬಂದಿದ್ಲು."

"ಯಾರು ಅಜ್ಜಿ?"

"ಇನ್ಯಾರು, ಸುಬ್ಬಿ. ಹುಳುಮನೆಗೆ ಹಂಗೇ ಬರೋಕೆ ನಾನು ಬಿಡ್ತೀನಾ?"

ನಾನು ಒರೆಸಲಿಲ್ಲ. ನಿಯಮ ಮೀರಿದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ.

ಬೀಗ ಹಾಕಿದ್ದ ಕೋಣೆಗೆ ಹೋಗಿ ನೋಡಿದೆ. ಬೀಗ ಹಾಕಿದ ಹಾಗೇ ಇತ್ತು. ಒಳಗೆ ಸುಬ್ಬಮ್ಮನ ಮಂಚದ ಎಡಗಡೆಯ ಕಂಬಿಯಲ್ಲಿ, ಎದ್ದು ಕೂರಲು ಅವರು ಯಾವಾಗಲೂ ಹಿಡಿಯುತ್ತಿದ್ದ ಜಾಗದಲ್ಲಿ, ನಾನು ಹಚ್ಚಿದ ಲೇಪ ಉಜ್ಜಿ ಹೋಗಿತ್ತು.

ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಲೇಪ ಹಚ್ಚುವಾಗ ನನ್ನ ಏಪ್ರನ್ನೇ ಕಂಬಿಗೆ ತಗುಲಿರಬಹುದು. ಹಿಂದಿನ ಸಲ ಬೇರೆಲ್ಲೋ ಹಚ್ಚಿದ್ದು ಹೇಗೋ ದಾಟಿ ಬಂದಿರಬಹುದು. ಮೂರು ಬೆರಳಿನಿಂದ ಯಾರು ಬೇಕಾದರೂ ಸವರಬಹುದು. ಸಂಕಟದಲ್ಲಿ ನಾನೇ ಹೋಗಿ ಸವರಿ, ಅದನ್ನು ಮರೆತೆನೇ ಎಂದೂ ಯೋಚಿಸಿದ್ದೇನೆ. "ನೀವು ಕುರ್ಚಿ ಬಿಟ್ಟು ಎದ್ದೇ ಇಲ್ಲ ಸಿಸ್ಟರ್, ನಾನು ನೋಡ್ತಾನೇ ಇದ್ದೆ" ಎಂದರು ಗುಲ್ಜಾರಕ್ಕ. ಒಂದೊಂದು ಸಮಾಧಾನವೂ ಬಾಗಿಲವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಆ ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಅಂದು ಸಂಜೆ ನಳಿಕೆ ಹಾಕುವ ಪ್ರಮೇಯ ಬರಲಿಲ್ಲ. ಅಲ್ಲಿಂದ ಮುಂದೆ, ಆ ಕೋಣೆಯಲ್ಲಿ ಇದ್ದಷ್ಟು ದಿನವೂ ನಾರಾಯಣಮ್ಮ ಕೊಟ್ಟದ್ದನ್ನು ತಾವೇ ತಿಂದರು. ಭೇದಿ ನಿಂತಿತು. ಹಳೆಯ ಕೋಣೆಗೆ ವಾಪಸು ಕರೆದುಕೊಂಡು ಹೋಗುವ ದಿನ ಬಂದಾಗ ಮಾತ್ರ ನನಗೆ ಚಿಂತೆ ಹತ್ತಿತು. ಪಕ್ಕದ ಖಾಲಿ ಮಂಚ ನೋಡಿ ಕೇಳಿದರೆ ಏನು ಹೇಳುವುದು? ಕೇಳಿ ಮತ್ತೆ ಊಟ ಬಿಟ್ಟರೆ? ಗಾಲಿಕುರ್ಚಿ ತಳ್ಳುತ್ತಾ ನಾನೂ ಗುಲ್ಜಾರಕ್ಕನೂ ಮುಖ ಮುಖ ನೋಡಿಕೊಂಡೆವು.

ಅಜ್ಜಿ ಆ ಮಂಚವನ್ನು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಅವರ ಮುಂದೆ ಮಂಡಿಯೂರಿ ಕುಳಿತು, "ಅಜ್ಜಿ, ಸುಬ್ಬಮ್ಮನವರು..." ಎಂದೆ.

"ಗೊತ್ತು ಕಣಮ್ಮ, ನೀನ್ಯಾಕೆ ಒದ್ದಾಡ್ತೀಯ?" ಎಂದರು. "ಅವತ್ತೇ ಹೇಳಿ ಹೋದ್ಲಲ್ಲ. ನಾನಿನ್ನು ಬರೋಕಾಗಲ್ಲ, ಕೋಣೆಗೆ ವಾಪಸ್ ಹೋದ್ಮೇಲೆ ಆ ಸೋಪಮ್ಮಂಗೆ ಕೇಳು ಅಂದ್ಲು."

ಹಾಗೆಂದು ಅವರು ನನ್ನ ಕಡೆಗೆ ತಲೆ ಬಗ್ಗಿಸಿದರು. ಗುಲ್ಜಾರಕ್ಕ ಆಗಲೇ ಅನ್ನ ಮೊಸರು ಕಲಸಿ ತಂದು ನಿಂತಿದ್ದರು. ನಾನು ಗ್ಲೌಸು ಬಿಚ್ಚಿ, ಹಣೆಯಿಂದ ಬೈತಲೆಯವರೆಗೆ ಮೆಲ್ಲಗೆ ಸವರಿದೆ. ಯಾರು ಸವರಿದರೂ ತೆರೆಯದವರು, ಬಾಯಿ ತೆರೆದರು.