ದೊಡ್ಡ ಟೈರು, ಕಾಕಾನ ನೂಲು

ಕಳೆದ ವಾರ ಜೀಪಿಗೆ ಹೊಸ ಟೈರು ಹಾಕಿಸುವ ಮುನ್ನ ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡುತ್ತಿದ್ದೆ. ಕೈಗೆ ಒಂದು ಕಂಡಿಕೆ ಸಿಕ್ಕಿತು, ನೇಕಾರರು ಲಾಳಿಯೊಳಗೆ ಇಡುವ ನೂಲು ಸುತ್ತಿದ ಕಡ್ಡಿ. ಕೆಂಪು ನೂಲು ಗ್ರೀಸು ಹತ್ತಿ ಕಪ್ಪಾಗಿತ್ತು. ಮೂಗಿಗೆ ಹಿಡಿದೆ. ಗ್ರೀಸು, ಸೀಮೆಸುಣ್ಣ, ಒಂದಿಷ್ಟು ತಂಬಾಕು... ಬೆಟಗೇರಿಯ ಕಾಕಾ ಎದುರಿಗೇ ಬಂದು ಕೂತಂತಾಯಿತು. ಅವರು ನನ್ನನ್ನು ಕೇಳಿದ್ದು ಒಂದೇ ಒಂದು. ಅದನ್ನೂ ನಾನು ಮಾಡಲಿಲ್ಲ. ಕಂಡಿಕೆ ಸಿಕ್ಕ ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಕಾಕಾ ಎಂದರೆ ನನಗೆ ಸಂಬಂಧಿಯಲ್ಲ, ಗದಗ-ಬೆಟಗೇರಿಯ ಡ್ರೈವರುಗಳೆಲ್ಲ ಹಾಗೆ ಕರೆಯುತ್ತಿದ್ದರು. ನೇಕಾರರ ಮನೆತನದವರು. ಮನೆಯ ಮಗ್ಗ ನಿಂತ ಮೇಲೆ ರಸ್ತೆ ಬದಿಗೆ ಶೆಡ್ಡು ಹಾಕಿ, ಗಾಡಿಗಳ ಚಕ್ರ ನೇರ ಮಾಡುವ ಕೆಲಸಕ್ಕೆ ಇಳಿದಿದ್ದರು. ಕಂಪ್ಯೂಟರ್ ಇರಲಿಲ್ಲ. ಹಿಂದಿನ ಚಕ್ರದಿಂದ ಮುಂದಿನ ಚಕ್ರದ ತನಕ ಮಗ್ಗದ ನೂಲು ಎಳೆದು, ಒಂದು ತುದಿ ಡ್ರೈವರನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಸೀರೆಯಲ್ಲಿ ಎಳೆ ತಪ್ಪಿದ್ದನ್ನು ಹುಡುಕಿ ಪಳಗಿದ ಕಣ್ಣು ಅದು. ಚಕ್ರ ಚೂರು ಸೊಟ್ಟಗಿದ್ದರೂ ಹಿಡಿಯುತ್ತಿತ್ತು.

ನಾನು ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕೆಲಸಗಾರರನ್ನು ಜೀಪಿನಲ್ಲಿ ಕರೆದೊಯ್ಯುವವನು. ಬೆಳಿಗ್ಗೆ ಮುಂಡರಗಿ ಕಡೆ, ಮಧ್ಯಾಹ್ನ ಶಿರಹಟ್ಟಿ ಕಡೆ. ಎಲ್ಲಿಯೂ ಐದು ನಿಮಿಷ ನಿಲ್ಲುವ ಜಾಯಮಾನ ನನ್ನದಲ್ಲ. ಮಳೆ ಹತ್ತಿದರೆ ಗುಡ್ಡದ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತಿತ್ತು. ಅದಕ್ಕೇ ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಗೆ ಹೋಗಿ ದೊಡ್ಡ ಹಲ್ಲಿನ, ಎತ್ತರದ ಟೈರು ಹಾಕಿಸಿ, ಹಳೆಯವನ್ನು ಅಲ್ಲಿಯೇ ಬಿಟ್ಟು ಬಂದೆ. ಮನೆಯಲ್ಲಿ ಹೆಂಡತಿ ಪೂಜೆ ಮಾಡಿ ನಾಲ್ಕೂ ಚಕ್ರಕ್ಕೆ ಲಿಂಬೆಹಣ್ಣು ಇಟ್ಟಳು. ಅವನ್ನು ಪಚಕ್ಕನೆ ಮೆಟ್ಟಿಸಿಕೊಂಡು ಸೀದಾ ಕಾಕಾನ ಶೆಡ್ಡಿಗೆ ಹೋದೆ, ಟೈರು ತೋರಿಸಿ ಮೆರೆಯಲಿಕ್ಕೆ.

"ಟೈರ್ ದೊಡ್ಡವು ಹಾಕಿದ್ರ ಅಲೈನ್‌ಮೆಂಟ್ ಮಾಡಸಾಕ ಬೇಕೇನ್ರಿ ಕಾಕಾ?" ಎಂದೆ.

"ಟೈರ್ ದೊಡ್ಡದಾತು ಅಂತ ಗಾಲಿ ಸೊಟ್ಟ ಆಗೂದಿಲ್ಲ ತಮ್ಮಾ. ಆದ್ರ ಮೊದಲ ಸೊಟ್ಟ ಇತ್ತೋ ಏನೋ ನೋಡಬೇಕಲ್ಲ? ಹಳೇ ಟೈರ್ ಎಲ್ಲಿ ಅದಾವ? ಯಾವ ಬಾಜೂಕ ಸವದಾವ ಅಂತ ನೋಡಿದ್ರ ಎಲ್ಲಾ ಗೊತ್ತಾಗತೈತಿ."

ಬಿಟ್ಟು ಬಂದೆ ಎಂದಾಗ ಹಣೆ ಚಚ್ಚಿಕೊಂಡರು. ಕಂಡಿಕೆ, ಬೋಲ್ಟು ಬಿಚ್ಚುವ ಪಾನಾ ಎರಡನ್ನೂ ಹಿಡಿದು ಎದ್ದರು. ನಾನು ಅಡ್ಡ ನಿಂತೆ. ಪೂಜೆಯಾದ ದಿನ ಗಾಡಿಗೆ ಪಾನಾ ಹಚ್ಚಬಾರದೆಂಬುದು ನಮ್ಮ ಡ್ರೈವರುಗಳ ನೇಮ. ಹಚ್ಚಿದರೆ ಪೂಜೆ ಮುರಿಯುತ್ತದಂತೆ.

"ಲಿಂಬಿಹಣ್ಣು ಸ್ಟೇರಿಂಗ್ ಹಿಡೀತೈತೇನಲೇ?" ಎಂದು ರೇಗಿದರು. ನಾನು ನಗುತ್ತ ಗಾಡಿ ತಿರುಗಿಸಿದೆ.

ಮರುದಿನ ಬೆಳಿಗ್ಗೆ ಮುಂಡರಗಿ ರಸ್ತೆಯಲ್ಲಿಯೇ ಸ್ಟೇರಿಂಗು ಎಡಕ್ಕೆ ಜಗ್ಗುತ್ತಿತ್ತು. ಹೊಸ ಟೈರು, ಪಳಗಲಿ ಎಂದುಕೊಂಡೆ. ಗುಡ್ಡ ಇಳಿಯುವಾಗ ಹಿಂದೆ ನಾಲ್ಕು ಜನ ಕೂತಿದ್ದರು. ಒಂದು ತಿರುವಿನಲ್ಲಿ ಬಲಕ್ಕೆ ಪೂರಾ ತಿರುಗಿಸಹೋದೆ. ದೊಡ್ಡ ಟೈರು ಒಳಗಿನ ಸ್ಪ್ರಿಂಗಿಗೆ ಕರ್ರನೆ ತಿಕ್ಕಿ, ಸ್ಟೇರಿಂಗು ಅಲ್ಲಿಗೇ ನಿಂತುಬಿಟ್ಟಿತು. ಗಾಡಿ ಎಡಕ್ಕೆ, ಕಮರಿಯ ಕಡೆಗೆ ಸರಿಯಿತು. ಅಂಚಿನಲ್ಲೊಂದು ಬಂಡೆಗಲ್ಲು ಇತ್ತು, ಅದಕ್ಕೆ ಬಂಪರ್ ತಾಗಿ ನಿಂತೆವು. ಎಲ್ಲರಿಗಿಂತ ಹಿರಿಯ ಕೆಲಸಗಾರ ಬುತ್ತಿ ಡಬ್ಬಿ ಹಿಡಿದು ಇಳಿದ. "ನೀವು ಬರ್ರಿ, ನಾ ನಡಕೊಂಡ ಬರ್ತೀನಿ" ಎಂದು ಕೆಳಗಿನ ತನಕ ನಡೆದೇ ಹೋದ.

ಸಂಜೆ ಕಾಕಾನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನೂಲಿನ ತುದಿ ಕೊಟ್ಟು "ಅಲಗಾಡಬ್ಯಾಡ" ಎಂದರು. ಅರ್ಧ ತಾಸು ಹಾಗೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡು ಬಾಗಿತ್ತು. ಯಾವಾಗಲೋ ಶಿರಹಟ್ಟಿ ದಾರಿಯಲ್ಲಿ ಕಲ್ಲಿಗೆ ಬಡಿದದ್ದು. ಸಣ್ಣ ಟೈರು ಇದ್ದಾಗ ಗೊತ್ತಾಗದೆ ಉಳಿದಿತ್ತು. ಹಳೆಯ ಟೈರು ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು. ರಾಡು ಬದಲಿಸಿ, ಟೈರು ತಿಕ್ಕದ ಹಾಗೆ ಚಕ್ರ ತಿರುಗುವ ಮಿತಿಯ ಬೋಲ್ಟು ಸರಿಮಾಡಿ, ಕಂಡಿಕೆಯನ್ನು ನನ್ನ ಕಿಸೆಗೇ ಹಾಕಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ, ಸ್ವಲ್ಪ ನಾಚಿಕೆಯಿಂದಲೇ ಕೇಳಿದರು.

"ಒಂದ ಸರ್ತಿ ನನ್ನ ಗುಡ್ಡಕ್ಕ ಕರಕೊಂಡ ಹೋಗು. ನಾ ನೇರ ಮಾಡಿದ ಗಾಡಿ ಇಳಿಜಾರಿನ್ಯಾಗ ಹೆಂಗ ಇಳೀತೈತಿ, ಒಳಗ ಕುಂತ ನೋಡಬೇಕು."

"ನಾಳೆ ಹೋಗೂಣ್ರಿ ಕಾಕಾ" ಎಂದೆ.

ಆ ನಾಳೆಯನ್ನು ಎಷ್ಟು ಸಲ ಹೇಳಿದೆನೋ... ದಿನಾ ಶೆಡ್ಡಿನ ಮುಂದೆ ಹಾರ್ನ್ ಹೊಡೆದು ಹೋಗುತ್ತಿದ್ದೆ, ಅವರು ಕೈ ಎತ್ತುತ್ತಿದ್ದರು. ಒಂದು ಮುಂಜಾನೆ ಇಸ್ತ್ರಿ ಅಂಗಿ ತೊಟ್ಟು, ನೀರಿನ ಬಾಟಲಿ ಹಿಡಿದು ರಸ್ತೆಗೇ ಬಂದು ನಿಂತಿದ್ದರು. ಹಿಂದಿನ ದಿನ ನಾನೇ ಬರುತ್ತೇನೆಂದು ಹೇಳಿ ಮರೆತಿದ್ದೆ. ಲಕ್ಷ್ಮೇಶ್ವರದಲ್ಲಿ ಯಾರೋ ಕಾಯುತ್ತಿದ್ದರು. ಕಿಟಕಿಯಿಂದಲೇ "ನಾಳೆ ಕಾಕಾ!" ಎಂದು ಕೂಗಿ ಹೊರಟುಬಿಟ್ಟೆ. ಕನ್ನಡಿಯಲ್ಲಿ ನೋಡಿದೆ. ಬಾಟಲಿ ಹಿಡಿದ ಕೈಯನ್ನೇ ಎತ್ತಿದರು.

ಅವರು ತೀರಿಹೋದ ಖಬರ ಸಿಕ್ಕಾಗಲೂ ನಾನು ಗುಡ್ಡದ ಮೇಲಿದ್ದೆ. ಕೆಳಗಿಳಿದು ಬೆಟಗೇರಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಈಗ ಆ ಶೆಡ್ಡಿನಲ್ಲಿ ಮೊಬೈಲ್ ಅಂಗಡಿ ಇದೆ.

ಈ ಸಲ ಹಳೆಯ ಟೈರು ಬಿಟ್ಟು ಬರಲಿಲ್ಲ. ಕಂಪ್ಯೂಟರಿನವನು ಎಲ್ಲ ಸರಿಯಿದೆ ಎಂದು ಚೀಟಿ ಕೊಟ್ಟ. ಆದರೂ ಸಮಾಧಾನವಾಗದೆ, ಮನೆಯ ಮುಂದೆ ಪೂಜೆಗೂ ಮೊದಲು ನೂಲು ಎಳೆದೆ. ಒಂದು ತುದಿ ಹೆಂಡತಿ ಹಿಡಿದಳು.

"ನೇರ ಐತೇನ್ರಿ?" ಎಂದಳು.

"ಐತಿ" ಎಂದೆ.

ಮರುದಿನ ಗುಡ್ಡ ಇಳಿದೆ. ಆ ತಿರುವಿನಲ್ಲಿಯೂ ಸ್ಟೇರಿಂಗು ಜಗ್ಗಲಿಲ್ಲ, ಟೈರು ತಿಕ್ಕಲಿಲ್ಲ. ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿ ಕೂತು ಇದನ್ನು ನೋಡಲು ಕಾಕಾ ನನ್ನಿಂದ ಒಂದೇ ಒಂದು ದಿನವನ್ನು ಕೇಳಿದ್ದರು. ಅವರು ಹೋಗುವ ತನಕ ನನ್ನ ಕೈಯಲ್ಲಿ ಮೂರು ವರ್ಷ ಇದ್ದವು.