ಲಿಲಾವಿಗೆ ಬಂದ ದುರಗವ್ವನ ಕೌದಿ

ಗುಡೂರಿನ ದುರಗವ್ವನ ಮುಖ ಎಷ್ಟು ಮಂದಿಯ ಮೊಬೈಲಿನಲ್ಲಿ ಬಿದ್ದಿದೆಯೋ ಆ ದೇವರಿಗೇ ಗೊತ್ತು. ಕ್ರಿಸ್‌ಮಸ್ ಬಂತೆಂದರೆ ಬಾಗಲಕೋಟೆಯಿಂದ ಒಂದು ಗುಂಪು ರಗ್ಗು ಹೊತ್ತುಕೊಂಡು ಬರುತ್ತಿತ್ತು. ರಗ್ಗಿನ ಒಂದು ತುದಿ ಅವಳ ಕೈಗೆ, ಇನ್ನೊಂದು ತುದಿಗೆ ಹತ್ತಾರು ಕೈ. "ಆಯಿ, ಸ್ವಲ್ಪ ನಗ್ರಿ" ಎನ್ನುವರು. ಅವಳು ನಗುವ ತನಕ ಅವರು ತಮ್ಮ ತುದಿ ಬಿಡುತ್ತಿರಲಿಲ್ಲ.

"ನಕ್ಕರ ರಗ್ಗ ಹೆಚ್ಚು ಬೆಚ್ಚಗ ಆಗತೈತೇನ್ರಿ?" ಎಂದು ಒಮ್ಮೆ ಕೇಳಿದಳು. ಮುದುಕಿ ಚ್ಯಾಷ್ಟಿ ಮಾಡುತ್ತಾಳೆಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಚ್ಯಾಷ್ಟಿ ಮಾಡಿರಲಿಲ್ಲ.

ಈಸ್ಟರಿಗೆ ಅಕ್ಕಿ ಬೇಳೆಯ ಚೀಲ. ಚೀಲದ ಮೇಲೆ ಕೊಟ್ಟವನ ಹೆಸರು, ಹೆಸರಿನ ಮೇಲೆ ಅವನ ಫೋಟೊ. ಅಕ್ಕಿ ಮುಗಿದ ಮೇಲೆ ಅದೇ ಚೀಲ ಹಿಡಿದು ಸಂತೆಗೆ ಹೋದರೆ, ಹಲ್ಲು ಕಿಸಿದ ಆ ಮುಖ ದಾರಿಯುದ್ದಕ್ಕೂ ಅವಳ ತೊಡೆಗೆ ಬಡಿಯುತ್ತಿತ್ತು.

ಹಾಗೆಂದು ದುರಗವ್ವ ಬೇಡಿ ತಿನ್ನುವವಳಲ್ಲ. ಗಂಡ ಕಲ್ಲಿನ ಕೆಲಸದಲ್ಲಿ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಅವಳು ಸೂಜಿ ಹಿಡಿದಳು. ಊರ ಮಂದಿ ಕೊಟ್ಟ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಸುತ್ತುತ್ತ ಸಾಲು ಹೊಲಿಗೆ ಹಾಕಿ ಕೌದಿ ಮಾಡಿ ಕೊಡುವಳು. ಅವಳು ಹೊಲಿದ ಕೌದಿಯ ಮೇಲೆ ಎರಡು ತಲೆಮಾರಿನ ಕೂಸುಗಳು ಉಚ್ಚೆ ಹೊಯ್ದು ದೊಡ್ಡವಾಗಿವೆ. ರೊಟ್ಟಿಗೆ ಅದು ಸಾಕಾಗುತ್ತಿತ್ತು.

ಆದರೆ ಕೊಡಲು ಬರುವವರಿಗೆ ಅದು ಯಾಕೆ ಬೇಕು? ಅವರಿಗೆ ಬೇಕಾದದ್ದು ಒಬ್ಬ ಬಡ ಮುದುಕಿ. ದುರಗವ್ವನ ಮನೆ ಅವಳು ಹೋಗುವ ಚರ್ಚಿನ ಮಗ್ಗುಲಲ್ಲೇ ಇತ್ತು. ಗೋಡೆಗೆ ಗಿಲಾವು ಇಲ್ಲ, ಬಾಗಿಲು ಗಿಡ್ಡ. ಫೋಟೊಕ್ಕೆಂದೇ ಕಟ್ಟಿಸಿದ ಹಾಗಿತ್ತು.

ಒಂದು ಸಲ "ನನಗ ಬ್ಯಾಡ, ಹೋಗ್ರಿ" ಎಂದು ಬಾಗಿಲು ಹಾಕಿಕೊಂಡಳು. ಸಂಜೆಗೇ ಪಾಸ್ಟರ್ ಧರ್ಮರಾಜ ಬಂದು ಕಟ್ಟೆಯ ಮೇಲೆ ಕುಳಿತರು. ಒಳ್ಳೆಯ ಮನುಷ್ಯ, ಆದರೆ ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ.

"ತಗೊಂಡ ಬಿಡ ಆಯಿ. ನೀ ಒಲ್ಲೆ ಅಂದ್ರ ಅವ್ರು ಸಿಟ್ಟಾಗ್ತಾರ. ಮುಂದ ಉಳಿದ ಮಂದಿಗೂ ತರೂದಿಲ್ಲ."

"ಅಂದ್ರ ನಾ ನಗಲಿಲ್ಲಂದ್ರ ಓಣ್ಯಾಗಿನ ಮಂದಿ ಉಪವಾಸ ಬೀಳಬೇಕಾ?"

"ಹಂಗಲ್ಲ ಆಯಿ..."

"ಹಂಗ ಐತಿ. ನೀವ ಹೇಳಿದ್ರೆಲ್ಲ ಈಗ!"

ಅಂದಿನಿಂದ ಅವಳು ತೆಗೆದುಕೊಂಡಳು, ನಕ್ಕಳು. ಒಳಗೆ ಮಾತ್ರ ಒಂದು ಸಿಟ್ಟು ಉಮಿಯ ಬೆಂಕಿಯ ಹಾಗೆ ಹೊಗೆಯಾಡುತ್ತಲೇ ಇತ್ತು. ಸಾಯುವುದರೊಳಗೆ ಒಮ್ಮೆ ತಾನೂ ಕೊಡಬೇಕು. ಇಸಿದುಕೊಳ್ಳುವ ಕಡೆ ನಿಂತು ನಿಂತು ಸಾಕಾಗಿದೆ, ಒಮ್ಮೆ ಆಚೆ ಕಡೆ ನಿಲ್ಲಬೇಕು.

ಆ ಚರ್ಚಿನಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ಹಬ್ಬ ಮಾಡುತ್ತಾರೆ. ಜೋಳ ಬೆಳೆದವನು ಜೋಳ ತರುತ್ತಾನೆ, ಕೋಳಿ ಸಾಕಿದವಳು ಕೋಳಿ ತರುತ್ತಾಳೆ. ಕುಂಬಳಕಾಯಿ, ತತ್ತಿ, ಬೆಲ್ಲ, ಏನಿದ್ದರೂ ನಡೆಯುತ್ತದೆ. ಎಲ್ಲವನ್ನೂ ವೇದಿಕೆಯ ಮುಂದೆ ಇಟ್ಟು ಆರಾಧನೆ ಮಾಡಿ, ಆಮೇಲೆ ಅಲ್ಲೇ ಲಿಲಾವು ಕೂಗುತ್ತಾರೆ. ಯಾರು ಹೆಚ್ಚಿಗೆ ಕೂಗುತ್ತಾರೋ ಮಾಲು ಅವರಿಗೆ, ದುಡ್ಡು ಚರ್ಚಿಗೆ. ದುರಗವ್ವ ಪ್ರತಿ ವರ್ಷ ಒಂದು ಸೇರು ಜೋಳ ಒಯ್ದು ಮೂಲೆಯಲ್ಲಿ ಇಟ್ಟು ಬರುವಳು. ಅದರ ಕಡೆ ನೊಣವೂ ನೋಡುತ್ತಿರಲಿಲ್ಲ.

ಈ ಸಲ ಪೆಟ್ಟಿಗೆ ತೆಗೆದಳು. ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ಇತ್ತು, ಕೆಂಪು ಸೆರಗಿನ ಬಣ್ಣ ಇನ್ನೂ ಮಾಸಿರಲಿಲ್ಲ. ತಾನು ಸತ್ತಾಗ ಮೈಮೇಲೆ ಹೊದಿಸಲೆಂದು ಇಟ್ಟುಕೊಂಡದ್ದು. ಕತ್ತರಿ ಹಾಕಿದಳು. ಮಳೆಗಾಲ ಹಿಡಿದು ಸುಗ್ಗಿಯ ತನಕ, ಮಂದಿಯ ಕೌದಿ ಮುಗಿಸಿ ಉಳಿದ ಹೊತ್ತಿನಲ್ಲಿ ಇದನ್ನು ಹೊಲಿದಳು. ಕೌದಿ ಖಾಲಿ ಹೊಟ್ಟೆಯಲ್ಲಿ ಇರಬಾರದು ಎಂಬುದು ಹೊಲಿಯುವವರ ರೂಢಿ. ಕಡೆಯ ಹೊಲಿಗೆ ಹಾಕುವ ಮುಂಚೆ ನಡುವಿನಲ್ಲಿ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಿದಳು.

ಖರೆ ಹೇಳಬೇಕೆಂದರೆ ಅದೇನು ಪ್ರಾರ್ಥನೆ ಮಾಡುತ್ತ ಹೊಲಿದ ಕೌದಿಯಲ್ಲ. ಒಂದೊಂದು ಹೊಲಿಗೆಗೂ ಒಂದೊಂದು ಮುಖ ಕಣ್ಣಿಗೆ ಕಟ್ಟುತ್ತಿತ್ತು. ರಗ್ಗಿನವರು, ಚೀಲದವನು, ಎಲ್ಲರೂ. 'ನೋಡ್ರಿ ಈಗ, ನೋಡ್ರಿ' ಎಂದು ಸೂಜಿ ಚುಚ್ಚುತ್ತಿದ್ದಳು.

ಹಬ್ಬದ ದಿನ ಕೌದಿ ಬಿಚ್ಚಿ ಹಿಡಿದಾಗ ಚರ್ಚಿನ ಹೆಂಗಸರೆಲ್ಲ "ಯವ್ವಾ!" ಎಂದರು. ದುರಗವ್ವ ಎಂದೂ ಕೂರದ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಲಿಲಾವು ಶುರುವಾಯಿತು. ಸಾಲಿ ಮಾಸ್ತರರ ಹೆಂಡತಿ ಆಸೆಯಿಂದ ಕೂಗಿದಳು. ಆಕೆಗೆ ಕೌದಿ ಬೇಕಿತ್ತು, ಮಗಳ ಬಾಣಂತನ ಮುಂದಿತ್ತು. ಇನ್ನೊಬ್ಬರು ಸ್ವಲ್ಪ ಏರಿಸಿದರು. ಆಕೆ ಮತ್ತೆ ಏರಿಸಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಎಲ್ಲರನ್ನೂ ಹಾರಿ ಎಲ್ಲಿಗೋ ಹೋಗಿ ಕುಳಿತಿತು. ಅನಿಲಕುಮಾರ. ಇಳಕಲ್ಲಿನಲ್ಲಿ ಕಲ್ಲಿನ ಪಾಲಿಶಿನ ಕಾರಖಾನೆ ಇಟ್ಟವನು, ಚರ್ಚಿನ ಕಮಿಟಿಯ ಹಿರಿಯ. ಅಕ್ಕಿ ಚೀಲದ ಮೇಲಿನ ಮುಖವೂ ಅವನದೇ. ಮಾಸ್ತರರ ಹೆಂಡತಿ ಕೈ ಕೆಳಗಿಳಿಸಿದಳು. ಮಂದಿ ಚಪ್ಪಾಳೆ ಹೊಡೆದರು.

ಅನಿಲಕುಮಾರ ಮುಂದೆ ಬಂದು ಕೌದಿ ಎತ್ತಿಕೊಂಡ. ಅವನ ಹೆಂಡತಿ ಜಾಸ್ಮಿನ ಆಗಲೇ ಮೊಬೈಲ್ ಹಿಡಿದು ನಿಂತಿದ್ದಳು. ಅವನು ನೇರ ದುರಗವ್ವನ ಮುಂದೆ ಬಂದು ಕೌದಿಯನ್ನು ಅವಳ ಹೆಗಲಿಗೆ ಹೊದಿಸಿಬಿಟ್ಟ.

"ಇದು ನಿನಗ ಇರ್ಲಿ ಆಯಿ. ಥಂಡಿ ದಿನ ಅದಾವು."

ಮತ್ತೆ ಚಪ್ಪಾಳೆ. "ಆಯಿ, ಈ ಕಡಿ ನೋಡ್ರಿ" ಎಂದಳು ಜಾಸ್ಮಿನ.

ದುರಗವ್ವನ ಮೈ ಉರಿದುಹೋಯಿತು. ಅರ್ಧ ವರ್ಷ ಹೊಲಿದು ಆಚೆ ದಡಕ್ಕೆ ಹೋಗಿ ನಿಂತವಳನ್ನು ಒಂದು ಗಳಿಗೆಯಲ್ಲಿ ಎಳೆದು ಈಚೆ ದಡಕ್ಕೆ ಒಗೆದಿದ್ದ. ಕೌದಿ ಕಿತ್ತು ಅವನ ಎದೆಗೆ ಒತ್ತಿದಳು.

"ಇದನ್ನ ನಾ ದೇವರಿಗೆ ಕೊಟ್ಟೇನಿ. ತಿರುಗಿ ನನಗ ಕೊಡಾಕ ನೀ ಯಾರಪಾ?"

"ಅಲ್ಲ ಆಯಿ, ಪ್ರೀತಿಲೆ..."

"ಪ್ರೀತಿಲೆ ಕೊಂಡಿದ್ರ ಮನಿಗೆ ಒಯ್ಯಿ. ಹೊಚ್ಚಿಕೊಂಡು ಮಲಗು."

"ನಮ್ಮನ್ಯಾಗ ಇವು ಯಾರೂ ಹೊಚ್ಚಿಕೊಳ್ಳೂದಿಲ್ಲ ಆಯಿ. ನಾ ಇದನ್ನ ತಗೊಂಡೇನ ಮಾಡ್ಲಿ?"

ಬಾಯಿಂದ ಬಂದೇಬಿಟ್ಟಿತು. ಮಾಸ್ತರರ ಹೆಂಡತಿ ತಲೆ ಎತ್ತಿ ನೋಡಿದಳು.

"ಬ್ಯಾಡಾಗಿದ್ರ ಮತ್ಯಾಕ ಕೂಗಿದಿ? ಬೇಕಾದಾಕಿ ಅಲ್ಲಿ ಕುಂತಾಳ. ಆಕಿ ಬಾಯಿ ಮುಚ್ಚಿಸಿದಿ. ನೀ ಕೊಂಡದ್ದು ಕೌದಿ ಅಲ್ಲೋ ಸಾವಕಾರ, ಫೋಟೊಕ್ಕಂತ ನನ್ನ ಮಾರಿ ಕೊಂಡಿ."

ಅನಿಲಕುಮಾರನ ಮುಖ ಕಪ್ಪಿಟ್ಟಿತು.

"ಪಾಸ್ಟರ್, ಮುದುಕಿಗೆ ತಿಳಿಸಿ ಹೇಳ್ರಿ. ಚರ್ಚಿಗೆ ನಾ ಎಷ್ಟ ಮಾಡೇನಿ..."

"ಆಯಿ, ಸುಮ್ಮನಿರಬೇ" ಎಂದು ಧರ್ಮರಾಜ ಕೈ ಜೋಡಿಸಿದರು.

"ಪಾಸ್ಟರ್ರ, ಹೋದ ಸಲ ನಿಮ್ಮ ಮಾತು ಕೇಳೀನಿ. ಈ ಸಲ ಕೇಳೂದಿಲ್ಲ. ನಾ ಕೊಟ್ಟದ್ದು ಕೊಟ್ಟಂಗ ಇರಬೇಕು. ಲಿಲಾವ ಆತು, ಮಾಲು ಅವನದು. ಒಯ್ಯಾಕ ಹೇಳ್ರಿ, ಇಲ್ಲಾ ಬಿಟ್ಟುಕೊಟ್ಟೇನಿ ಅನ್ನಾಕ ಹೇಳ್ರಿ."

ಬಿಟ್ಟುಕೊಟ್ಟರೆ ಮಂದಿಯೆದುರು ಸೋತ ಹಾಗೆ. ಅನಿಲಕುಮಾರ ಕೌದಿಯನ್ನು ಕಂಕುಳಲ್ಲಿ ಅಮುಕಿಕೊಂಡು ಹೊರಗೆ ನಡೆದ. "ಸೀಟಿನ ಮ್ಯಾಲೆ ಬ್ಯಾಡ್ರಿ, ಡಿಕ್ಕ್ಯಾಗ ಒಗೀರಿ" ಎಂಬ ಜಾಸ್ಮಿನಳ ಮಾತು ಒಳಗಿನವರೆಗೂ ಕೇಳಿಸಿತು. ಯಾರೂ ಫೋಟೊ ತೆಗೆಯಲಿಲ್ಲ. ಮದುವೆಯ ಸೀರೆ ಕಾರಿನ ಡಿಕ್ಕಿಯಲ್ಲಿ ಇಳಕಲ್ಲಿಗೆ ಹೋಯಿತು. ಆದರೂ ದುರಗವ್ವ ಕೊಟ್ಟದ್ದು ಕೊಟ್ಟ ಹಾಗೆಯೇ ಉಳಿಯಿತು.

ಮಂದಿ ಚದುರಿದ ಮೇಲೆ ಧರ್ಮರಾಜ ಬಳಿಗೆ ಬಂದರು. ಅವರ ದನಿ ಬೇರೆಯಾಗಿತ್ತು.

"ಆಯಿ, ಮುಂದಿನ ಐತವಾರ ಆರಾಧನ್ಯಾಗ ನಿನ್ನ ಹೆಸರ ಹಿಡದ ಪ್ರಸಂಗ ಮಾಡತೇನಿ. ಕೊಡೂದು ಅಂದ್ರ ಏನಂತ ಮಂದಿಗೆ ತಿಳೀಲಿ."

ಆ ಮಾತು ಕೇಳಿ ದುರಗವ್ವನಿಗೆ ಒಳಗೆ ಬೆಲ್ಲ ಕರಗಿದ ಹಾಗಾಯಿತು. ಎಲ್ಲರ ಮುಂದೆ ತನ್ನ ಹೆಸರು. ಆ ಸಿಹಿ ನಾಲಿಗೆಗೆ ಹತ್ತಿದ ಕೂಡಲೇ ಅವಳಿಗೆ ಅದರ ಗುರುತು ಸಿಕ್ಕಿತು. ಚೀಲದ ಮೇಲೆ ಮುಖ ಅಚ್ಚು ಹಾಕಿಸಿದವನಿಗೂ ಹತ್ತಿದ್ದು ಇದೇ ಸಿಹಿ. ತಾನು ಇವತ್ತು ಮುಂದಿನ ಸಾಲಿನಲ್ಲಿ ಕುಳಿತದ್ದಾದರೂ ಯಾಕೆ? ಅನಿಲಕುಮಾರನ ಮೇಲೆ ಬಂದಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೆ ಬಂತು.

"ನನ್ನ ಹೆಸರ ತಗದ್ರ ನಾ ಎದ್ದ ಹೊರಗ ಹೋಗ್ತೇನಿ ನೋಡ್ರಿ ಮತ್ತ. ಆ ಕೌದ್ಯಾಗ ಅರ್ಧಕ್ಕರ್ಧ ಹೊಟ್ಟಿಕಿಚ್ಚ ಹೊಲದೀನಿ. ಅವನಿಗೆ ಗೊತ್ತೈತಿ" ಎಂದು ಮೇಲೆ ಬೆರಳು ತೋರಿಸಿದಳು. "ನಿಮಗೂ ಗೊತ್ತಾತು, ಸಾಕು. ನಡೀರಿ."

ಮನೆಗೆ ಬರುವಷ್ಟರಲ್ಲಿ ಸುದ್ದಿ ಓಣಿ ತುಂಬಾ ಆಗಿತ್ತು. ಪಕ್ಕದ ಮನೆಯ ರಂಗವ್ವ, ಚರ್ಚಿಗೆ ಎಂದೂ ಕಾಲಿಡದವಳು, ಕಟ್ಟೆಯ ಮೇಲೆ ಆಗಲೇ ಕಾದು ಕುಳಿತಿದ್ದಳು.

"ಏನಬೇ ದುರಗವ್ವ, ಇಳಕಲ್ಲ ಸಾವಕಾರಗ ನೀರ ಇಳಿಸಿದೆಂತ? ಹೇಳಬೇ, ಮೊದಲಿಂದ ಹೇಳು. ಚಾ ಇಡ್ಲೇನು?"

ಮಾತು ನಾಲಿಗೆಯ ತುದಿಗೇ ಬಂದಿತ್ತು, ಅದರ ಜೊತೆಗೆ ಅದೇ ಸಿಹಿಯೂ. 'ನನ್ನ ಮಾರಿ ಕೊಂಡಿ' ಅಂದದ್ದು, ಅವನ ಮುಖ ಕಪ್ಪಿಟ್ಟದ್ದು, ಡಿಕ್ಕಿ. ಹೇಳಿದ್ದರೆ ರಂಗವ್ವ ತೊಡೆ ಬಡಿದುಕೊಂಡು ನಗುತ್ತಿದ್ದಳು, ಸಂಜೆಯೊಳಗೆ ಊರೇ ನಗುತ್ತಿತ್ತು. ಅದನ್ನು ತಡೆದುಕೊಳ್ಳುವಷ್ಟು ಕಷ್ಟ ಮದುವೆಯ ಸೀರೆಗೆ ಕತ್ತರಿ ಹಾಕುವಾಗಲೂ ಅವಳಿಗೆ ಆಗಿರಲಿಲ್ಲ.

"ಏನ ಇಲ್ಲ" ಎಂದಳು. "ಕುಂಬಳಕಾಯಿ ಮಾರಿದ್ರು, ಕೋಳಿ ಮಾರಿದ್ರು. ಎದ್ದ ಹೋಗಿನ್ನ, ನಿನಗೇನ ಕೆಲಸ ಇಲ್ಲೇನು?"

ಬಾಗಿಲು ಹಾಕಿಕೊಂಡಳು. ಹೊರಗೆ ರಂಗವ್ವ ಬೈಯುತ್ತಿದ್ದಳು. ದುರಗವ್ವ ಗೋಡೆಗೆ ಒರಗಿ ಕುಳಿತು, ಹೇಳಬೇಕಾದ ಮಾತನ್ನೆಲ್ಲ ಉಗುಳು ನುಂಗಿದ ಹಾಗೆ ಒಂದೊಂದೇ ನುಂಗತೊಡಗಿದಳು.