ಕೆ ಎಂದರೆ ಕಾರ್ಕಳ

ಅಮೆರಿಕದ ಹೋಬೋಕನ್‌ನ ಒಂದು ಬೀದಿಯಲ್ಲಿ ‘ಕಾರ್ಕಳ’ ಎಂಬ ಬೋರ್ಡು ಕಂಡು ನಿಂತುಬಿಟ್ಟೆ. ಅರವತ್ತರ ದಶಕದ ಕೊನೆ, ಹಿಮ ಬೀಳುತ್ತಿತ್ತು. ಹತ್ತಿರ ಹೋದರೆ ಅದು ‘ಮ್ಯಾಕ್‌ಕಾರ್ಕಲ್ಸ್’ ಎಂಬ ಪಬ್. ಮೊದಲ ಅಕ್ಷರಗಳನ್ನು ಹಿಮ ಮುಚ್ಚಿತ್ತು. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಹಾಗೆ ಓದಿದ್ದು ನಿಜವೋ ಆಮೇಲೆ ನಾನೇ ಕಟ್ಟಿಕೊಂಡದ್ದೋ ಈಗ ಖಾತ್ರಿಯಿಲ್ಲ. ಮಹಡಿಯ ಮನೆ ಬಾಡಿಗೆಗಿದೆಯೆಂಬ ಚೀಟಿ ಗಾಜಿನ ಮೇಲಿದ್ದದ್ದಂತೂ ನಿಜ.

ನಮಗೆ ಮನೆ ಬೇಕೇ ಬೇಕಿತ್ತು. ಸುಮಿತ್ರಾ ತುಂಬು ಬಸುರಿ. ಇದ್ದ ಒಂಟಿ ಕೋಣೆಯಲ್ಲಿ ಮಗುವಿಗೆ ಅವಕಾಶವಿಲ್ಲ, ತಿಂಗಳ ಕೊನೆಗೆ ಬಿಡಿ ಎಂದಿದ್ದ ಮಾಲೀಕ. ಬೇರೆಡೆ ಹೋದರೆ ಹೆಸರೇ ತೊಡಕು. ಅವಳು ಧಾರವಾಡದವಳು, ಮದುವೆಗೆ ಮುಂಚಿನ ಪಾಸ್‌ಪೋರ್ಟಿನಲ್ಲಿ ಸುಮಿತ್ರಾ ದೇಶಪಾಂಡೆ. ನಾನು ಮೈಸೂರಿನ ಕೆ. ವಾಸುದೇವ. ನಮ್ಮಲ್ಲಿ ಹೆಸರಿಗೆ ಮೊದಲು ಒಂದಕ್ಷರವಿದ್ದರೆ ಸಾಕು, ಅದನ್ನು ಯಾರೂ ಬಿಡಿಸಿ ಕೇಳುವುದಿಲ್ಲ. ಇಲ್ಲಿ ಗಂಡ ಹೆಂಡತಿಗೆ ಒಂದೇ ‘ಲಾಸ್ಟ್ ನೇಮ್’ ಇಲ್ಲದಿದ್ದರೆ, ಮದುವೆಯಾಗದೆ ಕೂಡಿಕೊಂಡವರೆಂಬ ಅನುಮಾನ.

ಪಬ್ ಎಂದರೆ ನಮ್ಮ ಹೆಂಡದಂಗಡಿಯಲ್ಲ. ಮೊಮ್ಮಕ್ಕಳೊಂದಿಗೆ ಅಜ್ಜಿಯರೂ ಬಂದು ಸೂಪ್ ಕುಡಿಯುತ್ತಾರೆ. ಆದರೂ ಬಸುರಿ ಹೆಂಡತಿಯನ್ನು ಕರೆದುಕೊಂಡು ಬಿಯರಿನ ಹುಳಿ ವಾಸನೆಯೊಳಗೆ ಕಾಲಿಡಲು ಅಳುಕಿದೆ. ಕೌಂಟರಿನ ಹಿಂದೆ ಪಬ್ಬಿನ ಮಾಲೀಕ, ಪಕ್ಕದಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದ ಅವನ ಹೆಂಡತಿ ಪೆಗ್ಗಿ. ಮನೆ ಕೊಡುವುದು ಬಿಡುವುದು ಆಕೆಗೆ ಸೇರಿದ್ದು.

“ಈಕೆ ದೇಶಪಾಂಡೆ, ನೀವು ವಾಸುದೇವ. ಬೆಲ್ಲಿನ ಮೇಲೆ ಯಾವ ಹೆಸರು ಹಾಕಲಿ?” ಎಂದಳು, ನಾವು ಹೆಸರು ಹೇಳಿಕೊಂಡ ಮೇಲೆ.

“ಕಾರ್ಕಳ,” ಎಂದುಬಿಟ್ಟೆ. “ಕೆ ಎಂದರೆ ಅದೇ. ನಮ್ಮ ಮನೆತನದ ಊರು.”

ಆಕೆಯ ಚಾಕು ನಿಂತಿತು. “ಕಾರ್ಕಲ್?”

ಮಾಲೀಕ ಗಲ್ಲ ಕೆರೆದುಕೊಂಡ. ಅವನ ಅಜ್ಜ ಸ್ಕಾಟ್‌ಲೆಂಡಿನಿಂದ ಬಂದವನಂತೆ. ಅಲ್ಲಿನ ಹಳೆಯ ಭಾಷೆಯಲ್ಲಿ ಮ್ಯಾಕ್ ಎಂದರೆ ಮಗನಂತೆ. “ಪೆಗ್ಗಿ, ನಾವು ಬರೀ ಕಾರ್ಕಲ್‌ನ ಮಕ್ಕಳು. ಇಲ್ಲಿ ಅಪ್ಪನೇ ಬಂದು ನಿಂತಿದ್ದಾನೆ.”

ಪೆಗ್ಗಿ ನಗಲಿಲ್ಲ. “ಹೇಗಿದೆ ಆ ಊರು?”

ಬೋಳುಬಂಡೆ, ಅದರ ಮೇಲೆ ಬತ್ತಲೆ ನಿಂತ ಕಲ್ಲಿನ ಮನುಷ್ಯ ಎಂದೆ. ಅಪ್ಪನ ಹೆಗಲ ಮೇಲಿಂದ ಒಮ್ಮೆ ನೋಡಿದ ನೆನಪು. ಹೇಳುತ್ತಿದ್ದಂತೆಯೇ, ಅದು ಶ್ರವಣಬೆಳಗೊಳವಾಗಿದ್ದರೆ ಎಂಬ ಅನುಮಾನವೂ ಬಂತು.

“ಅಲ್ಲಿ ಎಷ್ಟು ವರ್ಷ ಇದ್ದಿರಿ?”

ನಾನು ತಡವರಿಸುವಷ್ಟರಲ್ಲಿ ಮಾಲೀಕನೇ, “ಸ್ಕಾಟ್‌ಲೆಂಡಿನಲ್ಲಿ ನಾನೆಷ್ಟು ವರ್ಷ ಇದ್ದೆ? ಕೀ ಕೊಡು,” ಎಂದ.

ಮೆಟ್ಟಿಲ ಮೇಲೆ ಸುಮಿತ್ರಾ ತಡೆದಳು. “ಅಲ್ರೀ, ಹುಟ್ಟಿ ಬೆಳದಿದ್ದು ಮೈಸೂರಾಗ. ಕಾರ್ಕಳದವರು ಯಾವಾಗ ಆದ್ರಿ? ನಾ ಅಂತೂ ದೇಶಪಾಂಡೇನ ಇರತೇನಿ.”

“ಮೆಲ್ಲಗೆ ಮಾತಾಡು, ಕೇಳಿಸುತ್ತೆ.”

“ಅವರಿಗೆ ಕನ್ನಡ ತಿಳಿತದೇನು?”

ಅಂದಿನಿಂದ ಪ್ರತಿ ಸಲ ಬೆಲ್ ಆದಾಗಲೂ ಪೆಗ್ಗಿ ಪಾಸ್‌ಪೋರ್ಟ್ ಕೇಳಲು ಬಂದಳೆಂದೇ ಎಣಿಸುತ್ತಿದ್ದೆ. ಕೆಳಗಿನಿಂದ ಮಾಂಸ ಹುರಿಯುವ ವಾಸನೆ ಮೇಲೆ ಬರುತ್ತಿತ್ತು, ನಮ್ಮ ಇಂಗಿನ ಒಗ್ಗರಣೆ ಕೆಳಗಿಳಿಯುತ್ತಿತ್ತು. “ಮೇಲೆ ಏನು ಸತ್ತಿದೆ?” ಎಂದು ಗಿರಾಕಿಗಳು ಕೇಳುತ್ತಿದ್ದರಂತೆ. “ಅದು ನಮ್ಮವರ ಅಡುಗೆ,” ಎನ್ನುತ್ತಿದ್ದಳಂತೆ ಪೆಗ್ಗಿ. ಆ ‘ನಮ್ಮವರ’ ಎಂಬುದು ನನ್ನ ಭಯವನ್ನು ಹೆಚ್ಚಿಸಿತು.

ದಿನ ತುಂಬಿ ಸುಮಿತ್ರಾಳನ್ನು ಆಸ್ಪತ್ರೆಗೆ ಸೇರಿಸಿದೆ. ಇಲ್ಲಿ ಆಗ ಗಂಡಂದಿರನ್ನು ಹೆರಿಗೆ ಕೋಣೆಗೆ ಬಿಡುತ್ತಿರಲಿಲ್ಲ. ಧಾರವಾಡದಲ್ಲಾಗಿದ್ದರೆ ಜಗಲಿಯ ತುಂಬ ಅವಳ ಕಡೆಯವರಿರುತ್ತಿದ್ದರು. ಇಲ್ಲಿ ಗೋಡೆಗುಂಟ ಕುರ್ಚಿಗಳು, ಸಿಗರೇಟು ಸೇದುತ್ತ ಕುಳಿತ ಅಪರಿಚಿತ ಗಂಡಸರು. ನರ್ಸ್ ಬಾಗಿಲು ತೆರೆದು, “ಮಿಸ್ಟರ್ ಕಾರ್ಕಳ,” ಎಂದು ಕೂಗಿದಳು.

ಊರಿನವರೊಬ್ಬರು ಇಲ್ಲಿಯೇ ಕುಳಿತಿದ್ದಾರೆ, ನನಗೆ ತಿಳಿದೇ ಇರಲಿಲ್ಲ ಎನ್ನಿಸಿ ಬಹಳ ಸಂತೋಷವಾಯಿತು. ಒಂದೊಂದೇ ಮುಖ ನೋಡಿದೆ. ಯಾರೂ ಏಳಲಿಲ್ಲ.

ನರ್ಸ್ ನನ್ನ ಬಳಿಗೇ ಬಂದಳು. “ನಿಮ್ಮ ಹೆಂಡತಿ ಒಳಗೆ ಬರೆಸಿದ್ದು ಇದೇ ಹೆಸರು. ಹೆಣ್ಣು ಮಗು. ನೀವೇ ಅಲ್ಲವೇ?”

ಹೌದೆಂದು ಎದ್ದೆ. ಬಾಗಿಲು ದಾಟುವ ಮುನ್ನ, ಯಾರಾದರೂ ಎದ್ದಾರೇನೋ ಎಂದು ಇನ್ನೊಮ್ಮೆ ಆ ಕುರ್ಚಿಗಳ ಕಡೆ ನೋಡಿದೆ.